ಕೃತಕ ಹೃದಯವೂ ಶ್ರಾವಕನ ವಿವೇಕವೂ

2025ರ ಮಾರ್ಚ್ ತಿಂಗಳಿನಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನಗರದಿಂದ ಬಂದ ವಾರ್ತೆಯೊಂದು ಲೋಕದ ಗಮನ ಸೆಳೆಯಿತು. ಅಲ್ಲಿನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ 2024ರ ನವೆಂಬರಿನಲ್ಲಿ ಟೈಟಾನಿಯಂ ಲೋಹದ ಕೃತಕ ಹೃದಯವನ್ನು ಅಳವಡಿಸಿಕೊಂಡಿದ್ದ ರೋಗಿಯೊಬ್ಬರು ಆ ಯಂತ್ರದೊಡನೆಯೇ ಆಸ್ಪತ್ರೆಯಿಂದ ಹೊರಬಂದು, ನೂರು ದಿನಗಳಿಗೂ ಮಿಕ್ಕಿ ಬಾಳಿ, ಬಳಿಕ ದಾನಿಯ ಹೃದಯವನ್ನು ಪಡೆದರೆಂಬುದು ಆ ವಾರ್ತೆ. ಬೈವಾಕೋರ್ ಎಂಬ ಈ ಯಂತ್ರವನ್ನು ರೂಪಿಸಿದವರು ಬ್ರಿಸ್ಬೇನ್ ಮೂಲದ ಇಂಜಿನಿಯರ್ ಡೇನಿಯಲ್ ಟಿಮ್ಸ್. ಅವರ ತಂದೆ ನಲ್ಲಿ ಕೊಳವೆಗಳ ಕೆಲಸಗಾರರು. ಹೃದಯ ವೈಫಲ್ಯದಿಂದಲೇ ತೀರಿಕೊಂಡವರು. ಮಗನ ಪರಿಶ್ರಮದ ಹಿಂದೆ ತಂದೆಯ ಸಂಕಟವಿತ್ತೆಂಬುದು ಗೌರವಿಸಬೇಕಾದ ಸಂಗತಿ.

ಇಂಥ ವಾರ್ತೆಗೆ ಜೈನ ಸಮಾಜದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಮನುಷ್ಯನು ಮೃತ್ಯುವನ್ನೇ ಗೆದ್ದನೆಂಬ ಹೊಗಳಿಕೆ ಒಂದು. ಆಯುಷ್ಯ ಕರ್ಮಕ್ಕೆ ಅಡ್ಡಬರುವ ವ್ಯರ್ಥ ಸಾಹಸವಿದೆಂಬ ತೆಗಳಿಕೆ ಇನ್ನೊಂದು. ಬಳ್ಳಾರಿಯ ವರ್ತಕನಿಗೂ ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕನಿಗೂ ಕುರುಗೋಡಿನ ಕೃಷಿಕನಿಗೂ ಈ ಎರಡು ಮಾತುಗಳಿಂದ ಯಾವ ಪ್ರಯೋಜನವೂ ಇಲ್ಲ. ಮನೆಯ ಹಿರಿಯರ ಹೃದಯ ಸೋತು, ವೈದ್ಯರು ಯಂತ್ರದ ಹೆಸರೆತ್ತಿದ ದಿನ ಕುಟುಂಬವು ಏನನ್ನು ವಿಚಾರಿಸಬೇಕೆಂಬುದನ್ನು ಇವೆರಡೂ ತಿಳಿಸುವುದಿಲ್ಲ. ಆದುದರಿಂದ ಎರಡನ್ನೂ ಪರಾಮರ್ಶಿಸುವುದು ಅವಶ್ಯವಾಗಿದೆ.

ಯಂತ್ರದ ಸ್ವರೂಪ

ಹೃದಯ ವೈಫಲ್ಯವೆಂದರೆ ಹೃದಯ ಥಟ್ಟನೆ ನಿಂತುಹೋಗುವುದಲ್ಲ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿದು, ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತವನ್ನು ತಳ್ಳಬೇಕಾದ ಸ್ನಾಯು ದುರ್ಬಲವಾಗಿ, ದೇಹದ ಅಗತ್ಯವನ್ನು ಪೂರೈಸಲಾರದ ಸ್ಥಿತಿ ಅದು. ಕಾಲು ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ನಾಲ್ಕು ಮೆಟ್ಟಿಲು ಹತ್ತುವುದೂ ಅಸಾಧ್ಯವಾಗುತ್ತದೆ. ಹೃದಯಾಘಾತ, ದೀರ್ಘಕಾಲದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಲ್ಯದ ಸಂಧಿವಾತ ಜ್ವರದಿಂದ ಕೆಟ್ಟ ಕವಾಟಗಳು ಇದರ ಮುಖ್ಯ ಕಾರಣಗಳು.

‘ಕೃತಕ ಹೃದಯ’ ಎಂಬ ಒಂದೇ ಹೆಸರಿನಲ್ಲಿ ಪತ್ರಿಕೆಗಳು ಎರಡು ಬೇರೆ ಯಂತ್ರಗಳನ್ನು ಬೆರೆಸಿಬಿಡುತ್ತವೆ. ರೋಗಿಯ ಹೃದಯವನ್ನು ತೆಗೆದು ಅದರ ಸ್ಥಾನದಲ್ಲಿ ಇಡುವ ಪೂರ್ಣ ಯಂತ್ರ ಒಂದು. ಬೈವಾಕೋರ್ ಈ ಜಾತಿಯದು. ಅದರಲ್ಲಿ ಚಲಿಸುವ ಭಾಗ ಒಂದೇ. ಅಯಸ್ಕಾಂತ ಶಕ್ತಿಯಿಂದ ಗೋಡೆಗೆ ತಾಗದೆ ತೇಲುತ್ತ ತಿರುಗುವ ಆ ಚಕ್ರವು ಶ್ವಾಸಕೋಶಕ್ಕೂ ಶರೀರಕ್ಕೂ ರಕ್ತವನ್ನು ಕಳುಹಿಸುತ್ತದೆ. 2024ರ ಜುಲೈ 9ರಂದು ಅಮೆರಿಕದ ಹ್ಯೂಸ್ಟನ್ನಿನಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯನಲ್ಲಿ ಅಳವಡಿಸಲಾಯಿತು. ಅಲ್ಲಿಯೂ ಸಿಡ್ನಿಯಲ್ಲಿಯೂ ಅದು ದಾನಿಯ ಹೃದಯ ದೊರೆಯುವವರೆಗಿನ ಸೇತುವೆಯಾಗಿತ್ತೇ ಹೊರತು ಗಮ್ಯಸ್ಥಾನವಾಗಿರಲಿಲ್ಲ. ಹೊಗಳುವವರು ಮರೆಯುವ ಮೊದಲ ಸಂಗತಿ ಇದು.

ಎರಡನೆಯದು, ಇದ್ದ ಹೃದಯವನ್ನು ಇದ್ದಲ್ಲಿಯೇ ಬಿಟ್ಟು ಅದರ ಎಡ ಕೋಣೆಗೆ ನೆರವಾಗುವ ಸಹಾಯಕ ಪಂಪು. ಭಾರತದಲ್ಲಿ ರೋಗಿಯ ಮುಂದೆ ಪ್ರಾಯಶಃ ಬರುವುದು ಇದೇ. ಹಾರ್ಟ್‌ಮೇಟ್ 3 ಎಂಬ ಪಂಪನ್ನು ಅಳವಡಿಸಿಕೊಂಡವರಲ್ಲಿ ಶೇಕಡಾ 58ರಷ್ಟು ಮಂದಿ ಐದು ವರ್ಷಗಳ ನಂತರವೂ ಜೀವಂತರಾಗಿದ್ದರೆಂದು 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತಿಳಿಸುತ್ತದೆ. ವರ್ಷವೊಂದನ್ನು ಕಳೆಯುವುದೂ ದುಸ್ತರವಾಗಿದ್ದವರಿಗೆ ಇದು ಅಲ್ಪ ಲಾಭವಲ್ಲ. ಈ ಸತ್ಯವನ್ನು ಮುಚ್ಚಿಟ್ಟು ಯಂತ್ರವನ್ನು ಹಳಿಯುವುದು ಸತ್ಯವ್ರತಕ್ಕೆ ಒಪ್ಪುವ ಮಾತಲ್ಲ.

ಕರ್ಮದ ಹೆಸರಿನ ಆಕ್ಷೇಪ

ಆಯುಷ್ಯ ಕರ್ಮವು ನಿಶ್ಚಿತವಾಗಿರುವಾಗ ಯಂತ್ರವೇಕೆ ಎಂಬ ಪ್ರಶ್ನೆ ಭಕ್ತಿಯ ಮಾತಿನಂತೆ ಕೇಳಿಸಿದರೂ ಶಾಸ್ತ್ರದ ಮಾತಲ್ಲ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವು ಯಾರ ಆಯುಷ್ಯ ಮೊಟಕಾಗಲಾರದು ಎಂಬುದನ್ನು ಹೆಸರಿಸಿ ಹೇಳುತ್ತದೆ. ದೇವ ನಾರಕಿಗಳು, ಚರಮದೇಹಿಗಳು, ಅಸಂಖ್ಯಾತ ವರ್ಷಗಳ ಆಯುಸ್ಸುಳ್ಳ ಭೋಗಭೂಮಿಯ ಜೀವಿಗಳು ಆ ಪಟ್ಟಿಯಲ್ಲಿದ್ದಾರೆ. ಉಳಿದವರ ಆಯುಷ್ಯವು ವಿಷ, ಶಸ್ತ್ರ, ವ್ಯಾಧಿ ಮೊದಲಾದ ನಿಮಿತ್ತಗಳಿಂದ ಅಕಾಲದಲ್ಲಿ ಕರಗಿಹೋಗಬಲ್ಲದೆಂಬುದು ಅದರ ಇಂಗಿತ. ಅಕಲಂಕದೇವರು ರಾಜವಾರ್ತಿಕದಲ್ಲಿ ಅಕಾಲಮೃತ್ಯುವನ್ನು ಸಾಧಿಸುವಾಗ ಆಯುರ್ವೇದದ ಸಾಮರ್ಥ್ಯವನ್ನೇ ಯುಕ್ತಿಯಾಗಿ ಬಳಸಿದ್ದಾರೆ. ಔಷಧವು ಇಲ್ಲದ ಆಯುಷ್ಯವನ್ನು ಸೃಷ್ಟಿಸುವುದಿಲ್ಲ. ಇರುವುದು ವ್ಯರ್ಥವಾಗಿ ಸೋರಿಹೋಗದಂತೆ ತಡೆಯುತ್ತದೆ. ಪಂಪಿನ ಕೆಲಸವೂ ಅಷ್ಟೆ.

ಜೈನ ಪರಂಪರೆ ವೈದ್ಯವನ್ನು ಎಂದೂ ಕೀಳಾಗಿ ಕಂಡಿಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ವಿಜಯನಗರದ ಆರಂಭಕಾಲದಲ್ಲಿ ಮಂಗರಾಜನು ಕನ್ನಡದಲ್ಲಿ ವಿಷವೈದ್ಯವನ್ನು ಬರೆದನು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೆ ಸ್ಥಾನವಿದೆ. ಆದಕಾರಣ ಕರ್ಮದ ಹೆಸರು ಹೇಳಿ ಚಿಕಿತ್ಸೆಯನ್ನು ನಿರಾಕರಿಸುವುದು ಸಲ್ಲದು.

ಹಿಂಸೆಯ ಲೆಕ್ಕ

ಆದರೆ ಉಗ್ರಾದಿತ್ಯರ ಉದಾಹರಣೆ ಹೊಗಳುವವರಿಗೂ ಒಂದು ಪ್ರಶ್ನೆ ಹಾಕುತ್ತದೆ. ಔಷಧವು ಯಾವುದರಿಂದ ಆಯಿತೆಂದು ಅವರು ವಿಚಾರಿಸಿದರು. ಇಂದಿನ ಶ್ರಾವಕನೂ ವಿಚಾರಿಸಬೇಕು. 1957ರಲ್ಲಿ ವಿಲೆಂ ಕೋಲ್ಫ್ ಮತ್ತು ಅಕುತ್ಸು ಅವರು ಕ್ಲೀವ್‌ಲ್ಯಾಂಡಿನಲ್ಲಿ ನಾಯಿಯೊಂದರ ಎದೆಯಲ್ಲಿ ಕೃತಕ ಹೃದಯವಿಟ್ಟು ಸುಮಾರು ತೊಂಬತ್ತು ನಿಮಿಷ ಜೀವ ಹಿಡಿದಿದ್ದರು. ಅನಂತರ ದಶಕಗಳ ಕಾಲ ಕರುಗಳ ಮೇಲೂ ಕುರಿಗಳ ಮೇಲೂ ಪ್ರಯೋಗ ನಡೆಯಿತು. ಬೈವಾಕೋರ್ ಯಂತ್ರವೂ ಅದೇ ದಾರಿಯಲ್ಲಿ ಬಂದುದು. ಫ್ರಾನ್ಸಿನಲ್ಲಿ ಆಲೈನ್ ಕಾರ್ಪೆಂಟಿಯರ್ ಅವರ ಕಲ್ಪನೆಯಿಂದ ಹುಟ್ಟಿ 2013ರಲ್ಲಿ ಮೊದಲ ಬಾರಿ ಅಳವಡಿಸಲ್ಪಟ್ಟ ಕಾರ್ಮಾಟ್ ಹೃದಯದ ಒಳಮೈಗೆ ದನದ ಹೃದಯದ ಹೊರಪೊರೆಯನ್ನು ಬಳಸಲಾಗಿದೆ. ಶಸ್ತ್ರಕ್ರಿಯೆಯ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸಾಮಾನ್ಯವಾಗಿ ಹಂದಿಯ ಕರುಳಿನಿಂದ ತೆಗೆದದ್ದು.

ಗೃಹಸ್ಥನ ಹಿಂಸೆಯನ್ನು ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಸರ್ವಥಾ ತ್ಯಾಜ್ಯವೆಂದರು. ರೋಗಿಯು ಆ ಕರುವನ್ನು ಕೊಲ್ಲಿಸಲಿಲ್ಲ, ಆದುದರಿಂದ ಅವನಿಗೆ ದೋಷವಿಲ್ಲ ಎಂದು ಕೆಲವರು ತೀರ್ಪು ಕೊಡುತ್ತಾರೆ. ಇದು ಅರ್ಧ ಸತ್ಯ. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಮೂರನೆಯದು ಇನ್ನೂ ಉಳಿದಿದೆ. ಹಾಗೆಂದು ಉಸಿರುಗಟ್ಟುತ್ತಿರುವ ರೋಗಿಯ ಮುಂದೆ ನಿಂತು ಕರುವಿನ ಕಥೆ ಹೇಳುವುದು ಕರುಣೆಯಲ್ಲ. ಸಾಧ್ಯವಿದ್ದಲ್ಲಿ ಪ್ರಾಣಿಜನ್ಯವಲ್ಲದ ಕವಾಟ, ಔಷಧ ಇವೆಯೇ ಎಂದು ವೈದ್ಯರನ್ನು ಕೇಳುವುದು, ಇಲ್ಲದಿದ್ದಲ್ಲಿ ತೆಗೆದುಕೊಂಡದ್ದನ್ನು ತೆಗೆದುಕೊಂಡೆವೆಂದು ಒಪ್ಪಿ ಪ್ರಾಯಶ್ಚಿತ್ತದ ಭಾವದಿಂದಿರುವುದು ಶ್ರಾವಕನಿಗೆ ಯೋಗ್ಯವಾದ ನಡತೆ. ಖರ್ಚನ್ನು ಖಾತೆಯಲ್ಲಿ ಬರೆಯದೆ ಲಾಭ ತೋರಿಸುವ ಲೆಕ್ಕವನ್ನು ಯಾವ ವರ್ತಕನೂ ಒಪ್ಪಲಾರ.

ಪರಿಗ್ರಹವಾಗಿ ಯಂತ್ರ

ವಸ್ತುವಿನ ಬೆಲೆಯನ್ನು ಕೊಂಡ ದಿನ ತಿಳಿಯುತ್ತೇವೆ. ಅದರ ಭಾರವನ್ನು ಕಾಪಾಡುವ ದಿನಗಳಲ್ಲಿ ಅರಿಯುತ್ತೇವೆ. ಅಪರಿಗ್ರಹದ ಉಪದೇಶದಲ್ಲಿ ಅಡಗಿರುವ ಈ ವ್ಯವಹಾರಜ್ಞಾನ ಕೃತಕ ಹೃದಯಕ್ಕೆ ಚೆನ್ನಾಗಿ ಅನ್ವಯಿಸುತ್ತದೆ. ಸಹಾಯಕ ಪಂಪಿನಿಂದ ಹೊರಟ ತಂತಿಯೊಂದು ಹೊಟ್ಟೆಯ ಚರ್ಮವನ್ನು ಸೀಳಿ ಹೊರಬಂದು ಸೊಂಟದ ನಿಯಂತ್ರಕಕ್ಕೂ ಬ್ಯಾಟರಿಗಳಿಗೂ ಸೇರುತ್ತದೆ. ಆ ರಂಧ್ರದಲ್ಲಿ ಸೋಂಕು ತಗಲದಂತೆ ನಿತ್ಯವೂ ಎಚ್ಚರ ಬೇಕು. ಹಾರ್ಟ್‌ಮೇಟ್ 3ರ ಒಂದು ಜೊತೆ ಬ್ಯಾಟರಿ ಹೆಚ್ಚೆಂದರೆ ಹದಿನೇಳು ಗಂಟೆ ನಡೆಯುತ್ತದೆ. ರಕ್ತ ಸತತವಾಗಿ ಹರಿಯುವುದರಿಂದ ಎಷ್ಟೋ ರೋಗಿಗಳ ಕೈಯಲ್ಲಿ ನಾಡಿಯೇ ಸಿಗುವುದಿಲ್ಲ. ಪರಿಚಯವಿಲ್ಲದ ಊರಿನ ವೈದ್ಯರು ಗಾಬರಿಯಾಗುವ ಸಂಭವವುಂಟು.

ಇದರ ಪರಿಣಾಮ ಧರ್ಮಾಚರಣೆಯವರೆಗೂ ಮುಟ್ಟುತ್ತದೆ. ಪಂಪುಳ್ಳವರು ವಾರ್ಫರಿನ್ ಎಂಬ ರಕ್ತ ತಿಳಿಗೊಳಿಸುವ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು. ಸೊಪ್ಪು ತರಕಾರಿಗಳ ಪ್ರಮಾಣ ಏರಿಳಿದರೆ ಆ ಮಾತ್ರೆಯ ಪ್ರಭಾವವೂ ಏರಿಳಿಯುತ್ತದೆ. ಚಾತುರ್ಮಾಸದಲ್ಲಿ ಸೊಪ್ಪನ್ನು ತ್ಯಜಿಸುವ ಮನೆಯಲ್ಲಿ ಇದು ಪುಸ್ತಕದ ಸಂಗತಿಯಲ್ಲ, ಅಡುಗೆಮನೆಯ ಸಂಗತಿ. ನೀರಿಲ್ಲದ ಉಪವಾಸದಿಂದ ದೇಹ ಒಣಗಿದರೆ ಪಂಪಿನ ಹರಿವು ಕೆಡುತ್ತದೆ. ಮಿಂದು ಒದ್ದೆ ಮಡಿಯಲ್ಲಿ ಅಭಿಷೇಕಕ್ಕೆ ನಿಲ್ಲುವುದೂ ಕಷ್ಟ. ಪರ್ಯೂಷಣ, ದಶಲಕ್ಷಣ ಪರ್ವಗಳು ಬರುವ ಮುನ್ನ ವೈದ್ಯರನ್ನೂ ಗುರುಗಳನ್ನೂ ಕೂಡಿಸಿ ಕೇಳಬೇಕಾದ ವಿಷಯಗಳಿವು. ಶಸ್ತ್ರಕ್ರಿಯೆಯ ಒಪ್ಪಿಗೆ ಪತ್ರದಲ್ಲಿ ಇವುಗಳ ಪ್ರಸ್ತಾಪ ಬರುವ ಸಂಭವ ತೀರ ಕಡಿಮೆ.

ಇನ್ನು ವಿದ್ಯುತ್ತಿನ ಮಾತು. ವಿಮ್ಸ್ ಎಂದೇ ಜನ ಕರೆಯುತ್ತ ಬಂದ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ 2022ರ ಸೆಪ್ಟೆಂಬರಿನಲ್ಲಿ ವಿದ್ಯುತ್ ವ್ಯತ್ಯಯವಾಯಿತು. ಆಗ ವೆಂಟಿಲೇಟರಿನಲ್ಲಿದ್ದ ರೋಗಿಗಳು ಮೃತಪಟ್ಟುದಕ್ಕೆ ಅದೇ ಕಾರಣವೆಂದು ಕುಟುಂಬಗಳು ದೂರಿದವು. ಸರ್ಕಾರ ಅದನ್ನು ಒಪ್ಪಲಿಲ್ಲ. ತನಿಖಾ ಸಮಿತಿಯನ್ನು ನೇಮಿಸಿತು. ಮಾತು ವಿಧಾನಸಭೆಯವರೆಗೂ ಹೋಯಿತು. ಕಾರಣ ಏನೇ ಇರಲಿ, ಯಂತ್ರದಿಂದ ಉಸಿರಾಡುವವನ ಜೀವ ತಂತಿಯ ಇನ್ನೊಂದು ತುದಿಯಲ್ಲಿರುತ್ತದೆ ಎಂಬುದನ್ನು ಬಳ್ಳಾರಿಯ ಜನಕ್ಕೆ ಬೇರೆಯಾಗಿ ವಿವರಿಸಬೇಕಿಲ್ಲ. ಬೇಸಗೆಯಲ್ಲಿ ದೀಪ ಹೋಗಿ ಬರುವ ಹಳ್ಳಿಯಲ್ಲಿ, ಪಂಪನ್ನು ಬಲ್ಲ ಆಸ್ಪತ್ರೆ ಮುನ್ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲಿರುವಾಗ, ಹೆಚ್ಚುವರಿ ಬ್ಯಾಟರಿಯೂ ಜನರೇಟರೂ ಸದಾ ಎಚ್ಚರವಾಗಿರುವ ಒಬ್ಬ ಮನೆಯವರೂ ಯಂತ್ರದ ಭಾಗಗಳೇ ಆಗುತ್ತಾರೆ.

ವರ್ತಕರು ಕೇಳಲೇಬೇಕಾದ ಮತ್ತೊಂದು ಪ್ರಶ್ನೆಯಿದೆ. ಮಾರಿದವನು ನಾಳೆ ಅಂಗಡಿ ಮುಚ್ಚಿದರೆ ಗತಿಯೇನು? 2008ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆಸ್ಟ್ರೇಲಿಯಾ ನಿರ್ಮಿತ ವೆಂಟ್ರಅಸಿಸ್ಟ್ ಪಂಪನ್ನು ಅಳವಡಿಸಿದಾಗ ಕನ್ನಡ ನಾಡು ಹೆಮ್ಮೆಪಟ್ಟಿತು. ಹೆಮ್ಮೆ ಯೋಗ್ಯವೇ ಆಗಿತ್ತು. ಮರುವರ್ಷವೇ ಅದನ್ನು ತಯಾರಿಸಿದ ವೆಂಟ್ರಕೋರ್ ಕಂಪನಿ ಹಣವಿಲ್ಲದೆ ಮುಳುಗಿತು. 2021ರ ಜೂನ್‌ನಲ್ಲಿ ಮೆಡ್‌ಟ್ರಾನಿಕ್ ಕಂಪನಿಯು ಪಾರ್ಶ್ವವಾಯು ಮುಂತಾದ ಅಪಾಯ ಹಾಗೂ ಪಂಪು ಮರಳಿ ಚಾಲೂ ಆಗದ ದೋಷದ ಕಾರಣ ತನ್ನ ಎಚ್‌ವಿಎಡಿ ಪಂಪಿನ ಮಾರಾಟವನ್ನು ನಿಲ್ಲಿಸಿತು. 2025ರಲ್ಲಿ ಫ್ರಾನ್ಸಿನ ಕಾರ್ಮಾಟ್ ಕಂಪನಿಯೂ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಗಿರಣಿಯ ಯಂತ್ರ ನಿಂತರೆ ಬಿಡಿಭಾಗಕ್ಕೆ ಕೊಯಮತ್ತೂರಿಗೆ ಬರೆಯಬಹುದು. ಎದೆಯೊಳಗಿನ ಯಂತ್ರಕ್ಕೆ ಆ ಸೌಕರ್ಯವಿಲ್ಲ.

‘ನಿಷ್ಪ್ರತೀಕಾರ’ವೆಂದರೇನು?

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಅತ್ಯಂತ ಕಠಿಣವಾದ ಪ್ರಶ್ನೆ ಉಳಿಯುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಜರೆ, ರುಜೆಗಳು ನಿಷ್ಪ್ರತೀಕಾರವಾದಾಗ, ಎಂದರೆ ಪರಿಹಾರವೇ ಇಲ್ಲವಾದಾಗ, ಧರ್ಮಕ್ಕೋಸ್ಕರ ಸಲ್ಲೇಖನವನ್ನು ವಿಧಿಸಿದ್ದಾರೆ. ಒಂದು ಕಾಲದಲ್ಲಿ ಕೊನೆಯ ಹಂತದ ಹೃದಯ ವೈಫಲ್ಯವು ಈ ಪದದ ಅರ್ಥಕ್ಕೆ ನಿಸ್ಸಂದೇಹವಾಗಿ ಒಳಪಡುತ್ತಿತ್ತು. ಈಗ ಯಂತ್ರ ಬಂದಿದೆ. ಯಂತ್ರ, ಶಸ್ತ್ರಕ್ರಿಯೆಗಳೆಲ್ಲ ಸೇರಿ ಭಾರತದಲ್ಲಿ ಅದು ಕೋಟಿ ರೂಪಾಯಿಯ ಮಾತು. ಬಡ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಕೊಡುವ ವಾರ್ಷಿಕ ನೆರವಿನ ಮಿತಿ 5 ಲಕ್ಷ ರೂಪಾಯಿ.

ಸಿರುಗುಪ್ಪದ ಗಿರಣಿಯೊಂದರ ಮಾಲೀಕನಿಗೂ ಅದೇ ಗಿರಣಿಯ ಹಮಾಲಿಗೂ ಒಂದೇ ರೋಗ ಬಂದಿತೆಂದು ಇಟ್ಟುಕೊಳ್ಳೋಣ. ಮಾಲೀಕನ ರುಜೆಗೆ ಪ್ರತೀಕಾರವುಂಟು, ಹಮಾಲಿಯ ರುಜೆ ನಿಷ್ಪ್ರತೀಕಾರ ಎಂದಾದರೆ, ಶಾಸ್ತ್ರದ ಪದಕ್ಕೆ ಹಣದ ಚೀಲವೇ ಅರ್ಥ ಕೊಟ್ಟಂತಾಯಿತು. ಆಚಾರ್ಯರ ಅಭಿಪ್ರಾಯ ಹೀಗಿರಲಾರದು. ಹೊಗಳುವವರೂ ತೆಗಳುವವರೂ ಮುಟ್ಟದೆ ಬಿಟ್ಟ ಸಮಸ್ಯೆ ಇದೇ.

ಪರಿಹಾರವೆಂದರೆ ಲೋಕದಲ್ಲಿ ಎಲ್ಲಿಯೋ ದೊರೆಯುವ ಉಪಾಯವಲ್ಲ. ನ್ಯಾಯವಾದ ಮಾರ್ಗದಿಂದ, ಅವಲಂಬಿತರನ್ನು ಬೀದಿಗೆ ತಳ್ಳದೆ, ವ್ರತವನ್ನು ಪಾಲಿಸುತ್ತ ಬಾಳುವಂತೆ ಮಾಡಬಲ್ಲ ಉಪಾಯ ಎಂದು ಅರ್ಥೈಸುವುದು ಯುಕ್ತವಾಗಿದೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದುದು ನೋವು ತಾಳಲಾರದೆ ಅಲ್ಲ. ಕಣ್ಣಿನ ದೃಷ್ಟಿ ಕುಂದಿ, ಜೀವಗಳನ್ನು ನೋಡಿ ನಡೆಯುವ ಸಮಿತಿಯ ಪಾಲನೆ ಅಸಾಧ್ಯವಾಗತೊಡಗಿದುದೇ ಅಲ್ಲಿ ನಿರ್ಣಾಯಕವಾಯಿತು. ಅಳತೆಗೋಲು ವ್ರತವಾಗಿತ್ತು, ಆಯುಷ್ಯದ ಉದ್ದವಾಗಲಿ ವೆಚ್ಚವಾಗಲಿ ಆಗಿರಲಿಲ್ಲ.

ಈ ಅರ್ಥದಿಂದ ಎರಡು ಮಾತು ಫಲಿಸುತ್ತವೆ. ಯಂತ್ರವನ್ನು ಕೊಳ್ಳಲಾರದ ಮಗನನ್ನು ತಂದೆಯ ಜೀವ ಉಳಿಸದವನೆಂದು ಯಾರೂ ದೂಷಿಸಬಾರದು. ಅಂತೆಯೇ, ಯಂತ್ರ ದುಬಾರಿಯೆಂಬ ಕಾರಣಕ್ಕೆ ವೃದ್ಧರ ಕಿವಿಯಲ್ಲಿ ಸಲ್ಲೇಖನದ ಮಾತನ್ನು ಯಾರೂ ಉಸುರಬಾರದು. ಹಣ ಉಳಿಸಲೆಂದು ಇನ್ನೊಬ್ಬರು ಸೂಚಿಸಿದ ವ್ರತವು ವ್ರತವೇ ಅಲ್ಲ. ಜೀವಿತಾಶಂಸೆ, ಮರಣಾಶಂಸೆ ಎರಡೂ ಸಲ್ಲೇಖನದ ಅತಿಚಾರಗಳೆಂದು ಬಲ್ಲ ಸಮಾಜಕ್ಕೆ, ಬದುಕಿನ ಅತಿಯಾಸೆಯೂ ಸಾವಿನ ಆತುರವೂ ಒಂದೇ ದೋಷದ ಎರಡು ಮುಖಗಳೆಂಬುದನ್ನು ಹೇಳಿಕೊಡಬೇಕಿಲ್ಲ.

ಬೀಗದ ಕೈ ಯಾರಲ್ಲಿ?

1982ರ ಡಿಸೆಂಬರ್ 2ರಂದು ಅಮೆರಿಕದ ಯೂಟಾದಲ್ಲಿ ವೈದ್ಯ ವಿಲಿಯಂ ಡಿವ್ರೀಸ್ ಅವರು ಬಾರ್ನಿ ಕ್ಲಾರ್ಕ್ ಎಂಬ ದಂತವೈದ್ಯರಿಗೆ ಜಾರ್ವಿಕ್-7 ಎಂಬ ಹೃದಯವನ್ನು ಅಳವಡಿಸಿದರು. ಶಾಶ್ವತವಾಗಿ ಉಳಿಯಲೆಂದೇ ಇಟ್ಟ ಮೊದಲ ಕೃತಕ ಹೃದಯವದು. ಅದನ್ನು ನಡೆಸುತ್ತಿದ್ದ ಗಾಳಿಯಂತ್ರ ಹಾಸಿಗೆಯ ಪಕ್ಕದಲ್ಲಿ ಬೀರುವಿನಂತೆ ನಿಂತಿತ್ತು. ಕ್ಲಾರ್ಕ್ 112 ದಿನ ಬದುಕಿದರು. ಅವುಗಳಲ್ಲಿ ಹಲವು ಸಂಕಟದ ದಿನಗಳು. ಗಮನಿಸಬೇಕಾದ ಅಂಶವೆಂದರೆ, ಬೇಡವೆನಿಸಿದಾಗ ಯಂತ್ರವನ್ನು ನಿಲ್ಲಿಸಬಹುದಾದ ಬೀಗದ ಕೈಯನ್ನು ಅವರಿಗೇ ಕೊಡಲಾಗಿತ್ತು. ಅವರು ಅದನ್ನು ಬಳಸಲಿಲ್ಲ. ಇತರ ಅಂಗಗಳು ಸೋತು ತೀರಿಕೊಂಡರು. ಆದರೂ ಆ ಪ್ರಯೋಗ ನಡೆಸಿದವರು ಯಂತ್ರದ ಜೊತೆಗೆ ಅದನ್ನು ನಿಲ್ಲಿಸುವ ಪ್ರಶ್ನೆಯನ್ನೂ ರೋಗಿಯ ಕೈಯಲ್ಲಿಟ್ಟರು. ಇಂದಿನ ಪ್ರಶಂಸೆಯ ಬರಹಗಳಲ್ಲಿ ಈ ಕೈಯ ಸುದ್ದಿಯೇ ಇಲ್ಲ.

ಸಹಜವಾದ ಹೃದಯ ತಾನಾಗಿ ನಿಲ್ಲುತ್ತದೆ. ಯಂತ್ರವು ದೇಹದ ಉಳಿದ ಅಂಗಗಳೆಲ್ಲ ಸೋತರೂ, ಮೆದುಳೇ ನಂದಿದರೂ, ವಿದ್ಯುತ್ತಿರುವವರೆಗೆ ತಿರುಗುತ್ತಲೇ ಇರಬಲ್ಲದು. ಆದುದರಿಂದ ಯಾರಾದರೊಬ್ಬರು ನಿರ್ಧರಿಸಬೇಕಾಗುತ್ತದೆ. ರೋಗಿಯು ಪ್ರಜ್ಞೆಯಲ್ಲಿದ್ದಾಗಲೇ ಮಾತಾಡದಿದ್ದರೆ ಆ ಹೊರೆ ಮಕ್ಕಳ ಮೇಲೆ ಬೀಳುತ್ತದೆ; ಒಬ್ಬ ಮಗ ನಿಲ್ಲಿಸೋಣವೆಂದರೆ ಇನ್ನೊಬ್ಬನು ಅದನ್ನು ಪಾಪವೆನ್ನುತ್ತಾನೆ; ತಂದೆಯ ಮರಣದೊಡನೆ ಮನೆಯೂ ಒಡೆಯುತ್ತದೆ.

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದೆ ನಡೆದಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾವನ್ನು ಅಪರಾಧವೆಂದಾಗ ದೇಶದ ಜೈನರೆಲ್ಲ ಬೀದಿಗಿಳಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಆದರೆ 2018ರ ಮಾರ್ಚ್ 9ರಂದು ಅದೇ ನ್ಯಾಯಾಲಯವು, ಗುಣವಾಗದ ರೋಗಿಯ ಜೀವರಕ್ಷಕ ಯಂತ್ರಗಳನ್ನು ಹಿಂತೆಗೆಯುವುದಕ್ಕೂ ಮುಂಚಿತವಾಗಿ ಇಚ್ಛಾಪತ್ರ ಬರೆದಿಡುವುದಕ್ಕೂ ಮನ್ನಣೆ ನೀಡಿದುದನ್ನು ಎಷ್ಟು ಮನೆಗಳು ಗಮನಿಸಿದವು? 2023ರ ಜನವರಿಯಲ್ಲಿ ಆ ವಿಧಾನ ಸರಳವಾಯಿತು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಪತ್ರ ಬರೆದಿಡಬಹುದು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರವು ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಯಂತ್ರವನ್ನು ಹಿಂತೆಗೆಯುವುದು ಬೇರೆ, ಸಲ್ಲೇಖನ ಬೇರೆ; ಮೊದಲನೆಯದು ಚಿಕಿತ್ಸೆಯ ನಿಲುಗಡೆ, ಎರಡನೆಯದು ಕಷಾಯಗಳನ್ನು ಕೃಶಗೊಳಿಸುವ ತಪಸ್ಸು. ಇವೆರಡನ್ನೂ ಬೆರೆಸಿದರೆ ಧರ್ಮಕ್ಕೂ ಕಾನೂನಿಗೂ ಅನ್ಯಾಯವಾಗುತ್ತದೆ.

ಟ್ರಸ್ಟುಗಳ ಕರ್ತವ್ಯ

ಬಸದಿ ಮಂದಿರಗಳ ಟ್ರಸ್ಟುಗಳು ಔಷಧದಾನಕ್ಕೆ ಹಣ ತೆಗೆದಿಡುವಾಗ, ಒಬ್ಬ ರೋಗಿಯ ಯಂತ್ರಕ್ಕೆ ಕೋಟಿ ಕೂಡಿಸಿ ಫಲಕ ಹಾಕಿಸುವ ಆಕರ್ಷಣೆ ಸಹಜ. ಆದರೆ ಕೃತಕ ಹೃದಯದ ಅಗತ್ಯವೇ ಬಾರದಂತೆ ಮಾಡುವ ಉಪಾಯಗಳು ಅಗ್ಗವಾಗಿವೆ. ಮಕ್ಕಳ ಗಂಟಲು ನೋವಿಗೆ ಕಾಲದಲ್ಲಿ ಕೊಟ್ಟ ಪೆನಿಸಿಲಿನ್ ಮುಂದೆ ಕವಾಟ ಕೆಡದಂತೆ ಕಾಯುತ್ತದೆ. ರಕ್ತದೊತ್ತಡದ ಮಾತ್ರೆ ನಿತ್ಯವೂ ದೊರೆತರೆ ಹೃದಯ ಸೋಲುವುದು ಕಡಿಮೆಯಾಗುತ್ತದೆ. 2023ರಲ್ಲಿ ಆರಂಭವಾದ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ತಾಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತವಾದೊಡನೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ. ಎದೆನೋವು ಬಂದ ಕೂಡಲೆ ಸೋಡಾ ಕುಡಿದು ಮಲಗದೆ ಆಸ್ಪತ್ರೆಗೆ ಧಾವಿಸಬೇಕೆಂದು ಕುರುಗೋಡಿನ ಹಳ್ಳಿಗಳಲ್ಲಿ ತಿಳಿಸುವ ಒಂದು ಪ್ರವಚನವೂ ಔಷಧದಾನವೇ. ಯಂತ್ರದ ಸೇತುವೆಯ ಆಚೆ ದಡದಲ್ಲಿ ಬೇಕಾಗಿರುವುದು ದಾನಿಯ ಹೃದಯವಾದುದರಿಂದ, ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಮೂಲಕ ಅಂಗದಾನದ ಸಂಕಲ್ಪ ಮಾಡಿಸುವುದೂ ಟ್ರಸ್ಟುಗಳಿಗೆ ಒಪ್ಪುವ ಕಾರ್ಯ. ಸಂಕಲ್ಪ ಮಾಡಿದವರು ಅದನ್ನು ಮನೆಯವರಿಗೆ ತಿಳಿಸಿರಬೇಕು. ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ.

ಕುಟುಂಬಗಳು ಮಾಡಬೇಕಾದುದು ಇನ್ನೂ ಸರಳ. ವರ್ಷಾರಂಭದಲ್ಲಿ ಹೊಸ ಖಾತೆಯ ಪುಸ್ತಕ ತೆರೆಯುವ ಮನೆಗಳಲ್ಲಿ, ಹಿರಿಯರು ಆರೋಗ್ಯವಾಗಿರುವಾಗಲೇ ಕುಳಿತು ಮಾತಾಡಿ, ಯಾವ ಚಿಕಿತ್ಸೆ ಬೇಕು, ಎಲ್ಲಿಗೆ ಸಾಕು, ತಮ್ಮ ಪರವಾಗಿ ಯಾರು ನುಡಿಯಬೇಕು ಎಂಬುದನ್ನು ಬರೆದಿಡಲಿ. ಆಸ್ತಿಯ ಉಯಿಲನ್ನು ಬರೆಯಲು ಹಿಂಜರಿಯದ ವರ್ತಕ ಸಮಾಜಕ್ಕೆ ಇದು ಅಸಾಧ್ಯವಾಗಬೇಕಿಲ್ಲ. ಯಂತ್ರವು ಹೃದಯದ ಕೆಲಸವನ್ನು ಮಾಡಬಲ್ಲದು. ಅದನ್ನು ತೆಗೆದುಕೊಳ್ಳುವುದನ್ನೂ ಬಿಡುವುದನ್ನೂ ನಿರ್ಧರಿಸುವ ಹೊಣೆ ಶ್ರಾವಕನದೇ ಆಗಿ ಉಳಿಯುತ್ತದೆ.